ಅಪ್ಪ ಕೆಡಿಸಿದ ನಾಯಿ ಲೆಕ್ಕ

ನಾನು ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ಕೆಲಸಕ್ಕೆ ಸೇರಿದಾಗ ರಾಜಾಜಿನಗರದ ನಮ್ಮ ಬೀದಿಯಲ್ಲಿ ಅದು ಎಂಥ ಕೆಲಸ ಎಂದು ಒಬ್ಬರಿಗೂ ತಿಳಿದಿರಲಿಲ್ಲ. ಎದುರು ಮನೆಯವರು ನಾನು ಜನಗಣತಿಯಲ್ಲಿದ್ದೇನೆ ಎಂದುಕೊಂಡು, ತಮ್ಮ ಮನೆಗೆ ಇನ್ನೂ ಯಾಕೆ ಬಂದಿಲ್ಲ ಎಂದು ಕೇಳುತ್ತಿದ್ದರು. ಪಕ್ಕದ ಮನೆಯಾಕೆಗೆ ಸಂಖ್ಯಾಶಾಸ್ತ್ರ ಎಂದರೆ ಹುಟ್ಟಿದ ತಾರೀಖು ಕೂಡಿಸಿ ಭವಿಷ್ಯ ಹೇಳುವ ವಿದ್ಯೆ. ವಿಜಯನಗರದಲ್ಲಿ ಸೈಟು ಕೊಳ್ಳುವ ಮೊದಲು ಯಾವ ನಂಬರಿನದು ತಮ್ಮ ಯಜಮಾನರಿಗೆ ಆಗಿಬರುತ್ತದೆ ಎಂದು ಕೇಳಲು ಆಕೆ ಬಾಳೆಹಣ್ಣು ಹಿಡಿದುಕೊಂಡೇ ಬಂದಿದ್ದರು. ನನಗೆ ಅದು ಬರುವುದಿಲ್ಲ ಎಂದಾಗ, "ಅಷ್ಟು ವರ್ಷ ಓದ್ಸಿ ಇದೊಂದು ಹೇಳ್ಕೊಡ್ಲಿಲ್ವಾ?" ಎಂದು ಮರುಗಿದರು.

ಅಪ್ಪ ಕಾರ್ಖಾನೆಯೊಂದರ ಸ್ಟೋರ್ಸಿನಲ್ಲಿ ಗುಮಾಸ್ತರಾಗಿದ್ದು ಆಗಷ್ಟೇ ನಿವೃತ್ತರಾಗಿದ್ದರು. ಮಗಳ ಕೆಲಸ ಅವರಿಗೂ ಪೂರ್ತಿ ಅರ್ಥವಾಗಿರಲಿಲ್ಲ. ಆದರೆ ಕೇಳಿದವರಿಗೆಲ್ಲ ಧೈರ್ಯವಾಗಿ ಉತ್ತರ ಕೊಡುತ್ತಿದ್ದರು: "ಒಂದು ಔಷಧಿ ಕೆಲಸ ಮಾಡತ್ತೋ ಇಲ್ವೋ ಅಂತ ನಮ್ಮ ಹುಡುಗಿ ಲೆಕ್ಕ ಹಾಕಿ ಹೇಳ್ತಾಳೆ. ಅವಳು ಹೇಳಿದ್ಮೇಲೇ ಡಾಕ್ಟ್ರುಗಳು ಒಪ್ಕೋಬೇಕು." ಅದರಲ್ಲಿ ಅರ್ಧ ನಿಜವಿತ್ತು. ನಾನು ಹೇಳುತ್ತಿದ್ದೆ. ಡಾಕ್ಟರುಗಳು ಒಪ್ಪುತ್ತಿರಲಿಲ್ಲ.

ನಾನಿದ್ದುದು ಔಷಧಿಗಳನ್ನು ಪರೀಕ್ಷಿಸುವ ಒಂದು ಸರ್ಕಾರಿ ಸಂಸ್ಥೆಯಲ್ಲಿ. ಅಲ್ಲಿ ಎಲ್ಲರಿಗಿಂತ ಮೇಲೆ ಇದ್ದವರನ್ನು ನಾವು ದೊಡ್ಡ ಡಾಕ್ಟರು ಎಂದೇ ಕರೆಯುತ್ತಿದ್ದೆವು. ಎತ್ತರದ ಆಳು, ಮೆದು ಮಾತು. ರೋಗಿಗಳು ಅವರ ಕೋಣೆಯಿಂದ ಹೊರಬರುವಾಗಲೇ ಅರ್ಧ ವಾಸಿಯಾಗಿರುತ್ತಿದ್ದರು. ಲೆಕ್ಕದವರಿಗೆ ಇದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿಲ್ಲ ಎಂದು ನನಗೆ ಆಗ ಗೊತ್ತಿರಲಿಲ್ಲ.

ನಾನು ನೋಡಿಕೊಂಡ ಮೊದಲ ದೊಡ್ಡ ಪರೀಕ್ಷೆ ಮಂಡಿನೋವಿನ ಮಾತ್ರೆಯದು. ಎರಡು ಬಗೆಯ ಮಾತ್ರೆಗಳು, ನೋಡಲು ಒಂದೇ ತರಹ. ಒಂದರಲ್ಲಿ ಔಷಧಿ, ಇನ್ನೊಂದರಲ್ಲಿ ಬರೀ ಹಿಟ್ಟು. ಡಬ್ಬಿಗಳ ಮೇಲೆ 'ಎ', 'ಬಿ' ಎಂದು ಮಾತ್ರ ಬರೆದಿತ್ತು. ಯಾವುದು ಯಾವುದೆಂಬ ಗುಟ್ಟು ಔಷಧಿ ಕಂಪನಿಯವರಿಗೆ ಬಿಟ್ಟರೆ ಇನ್ನಾರಿಗೂ ತಿಳಿಯದು. ಯಾವ ರೋಗಿಗೆ ಯಾವ ಡಬ್ಬಿ ಎನ್ನುವುದನ್ನು ಚೀಟಿ ಎತ್ತಿದ ಹಾಗೆ ನಾನು ಮೊದಲೇ ತೀರ್ಮಾನಿಸಿ, ಒಂದೊಂದು ಲಕೋಟೆಯಲ್ಲಿ ಒಂದೊಂದು ಅಕ್ಷರ ಬರೆದಿಟ್ಟು, ಅಂಟಿಸಿ, ವರಸೆಯಾಗಿ ಜೋಡಿಸಿ ಕೊಟ್ಟಿದ್ದೆ. ರೋಗಿ ಬಂದಾಗ ದೊಡ್ಡ ಡಾಕ್ಟರು ಮೇಲಿನ ಲಕೋಟೆ ಒಡೆದು ಅದರಲ್ಲಿರುವ ಅಕ್ಷರದ ಡಬ್ಬಿಯಿಂದ ಮಾತ್ರೆ ಕೊಡಬೇಕು, ಅಷ್ಟೇ. ಬಡವ, ಬಲ್ಲಿದ, ಮುದುಕಿ, ಯುವಕ ಎಂಬ ಭೇದ ಲಕೋಟೆಗೆ ಇಲ್ಲ. ಹಾಗಾಗಿ ಎರಡು ಗುಂಪಿನಲ್ಲೂ ಎಲ್ಲ ತರಹದ ಜನ ಹೆಚ್ಚು ಕಡಿಮೆ ಸಮವಾಗಿ ಬೀಳುತ್ತಾರೆ.

ಅರ್ಧ ದಾರಿಯಲ್ಲಿ ಒಂದು ದಿನ, ಕೈಯಿಂದ ಹಿಡಿ ತಿರುಗಿಸುವ ಆ ಕಾಲದ ಲೆಕ್ಕದ ಯಂತ್ರದ ಮುಂದೆ ಕೂತು ಎರಡು ಗುಂಪಿನ ವಯಸ್ಸು ನೋಡಿದೆ. 'ಎ' ಗುಂಪಿನಲ್ಲಿ ಮುದುಕಿಯರೇ ಮುದುಕಿಯರು. ಹೂವು ಮಾರುವವರು, ಬೀಡಿ ಕಟ್ಟುವವರು, ಮನೆಗೆಲಸದವರು. 'ಬಿ' ಗುಂಪಿನಲ್ಲಿ ಸ್ಕೂಟರಿನವರು, ಆಫೀಸರುಗಳು, ಒಬ್ಬ ನಿವೃತ್ತ ತಹಸೀಲ್ದಾರರು. ಚೀಟಿ ಎತ್ತಿದರೆ ಹೀಗೆ ಬೀಳುವುದಿಲ್ಲ. ಬಿದ್ದರೆ ಚೀಟಿ ಎತ್ತುವವನ ಕೈ ನೋಡಬೇಕು.

ನಾನು ಎದ್ದು ಅವರ ಕೋಣೆಗೆ ಹೋದೆ. ದೊಡ್ಡ ಡಾಕ್ಟರು ಕಿಟಕಿಯ ಪಕ್ಕ ನಿಂತು ಲಕೋಟೆಯೊಂದನ್ನು ಬಿಸಿಲಿಗೆ ಹಿಡಿದು ಕಣ್ಣು ಕಿರಿದು ಮಾಡಿ ನೋಡುತ್ತಿದ್ದರು. ನನ್ನನ್ನು ಕಂಡು ಗಾಬರಿಯಾಗಲಿಲ್ಲ, ಬಚ್ಚಿಡಲೂ ಇಲ್ಲ.

"ಸಾರ್, ಲಕೋಟೆ ಬೆಳಕಿಗೆ ಹಿಡೀಬಾರದು," ಎಂದೆ.

"ಹಿಡೀದಿದ್ರೆ ಒಳಗಿರೋದು ಹೇಗಮ್ಮ ಕಾಣತ್ತೆ?"

"ಕಾಣಬಾರದು ಅಂತಲೇ ಸಾರ್ ಅಂಟಿಸಿರೋದು."

ಅವರು ಲಕೋಟೆಯನ್ನು ಮೇಜಿನ ಮೇಲಿಟ್ಟು ಬಾಗಿಲ ಕಡೆ ತೋರಿಸಿದರು. "ಹೊರಗಡೆ ಬೆಂಚಿನ ಮೇಲೆ ಒಬ್ಬಳು ಅಜ್ಜಿ ಕೂತಿದಾಳೆ, ನೋಡಿದ್ಯಾ? ಸುಂಕದಕಟ್ಟೆಯಿಂದ ಬಂದಿದಾಳೆ, ಆ ಮಂಡಿ ಎಳ್ಕೊಂಡು. ಅವಳಿಗೆ ಹಿಟ್ಟಿನ ಮಾತ್ರೆ ಕೊಡು ಅಂತ ನಿನ್ನ ಲಕೋಟೆ ಹೇಳಿದ್ರೆ ನಾನು ಕೊಡಬೇಕಾ?"

"ಹಾಗಾದ್ರೆ ಅವರಿಗೆ 'ಎ' ಕೊಡ್ತಾ ಇದೀರಾ?"

"ಮತ್ತೆ? 'ಎ' ಇರೋ ಲಕೋಟೆ ಸಿಗೋ ತನಕ ಹುಡುಕ್ತೀನಿ. 'ಬಿ' ಬಂದ್ರೆ ಪಕ್ಕಕ್ಕಿಡ್ತೀನಿ. ಆಫೀಸರುಗಳಿಗೆ ಏನು, ಹೊರಗಡೆ ದುಡ್ಡು ಕೊಟ್ಟು ಔಷಧಿ ತಗೊಳ್ತಾರೆ."

"'ಎ'ನೇ ನಿಜವಾದ ಔಷಧಿ ಅಂತ ನಿಮಗೆ ಹೇಗೆ ಗೊತ್ತು ಸಾರ್?"

ಅವರು ಮಗುವಿಗೆ ಹೇಳುವಂತೆ ನಕ್ಕರು. "ಇಷ್ಟು ವರ್ಷದ ಅನುಭವ ಕಣಮ್ಮ. ತಗೊಂಡೋರ ಮುಖ ನೋಡಿದ್ರೆ ಗೊತ್ತಾಗಲ್ವಾ?"

ನಾನು ಬಹಳ ಮಾತಾಡಿದೆ. ಹೀಗೆ ಮಾಡಿದರೆ ಇಡೀ ಪರೀಕ್ಷೆ ಕೆಟ್ಟಿತು, ಬಂದ ಉತ್ತರಕ್ಕೆ ಅರ್ಥವಿರುವುದಿಲ್ಲ, ಮುಂದೆ ಈ ಮಾತ್ರೆ ನುಂಗುವ ಸಾವಿರಾರು ಜನರಿಗೆ ಮೋಸ ಎಂದೆಲ್ಲ. ಅವರು ತಾಳ್ಮೆಯಿಂದ ಕೇಳಿ, "ಆ ಸಾವಿರಾರು ಜನ ಇನ್ನೂ ಬಂದಿಲ್ಲ. ಇವಳು ಬಂದು ಕೂತಿದಾಳೆ," ಎಂದು ಗಂಟೆ ಒತ್ತಿ ಅಜ್ಜಿಯನ್ನು ಒಳಗೆ ಕರೆದರು. ಅಜ್ಜಿ ಬಾಗಿಲಲ್ಲೇ ಕೈ ಮುಗಿದರು. ಪುಸ್ತಕದಲ್ಲಿದ್ದ ಉತ್ತರಗಳೆಲ್ಲ ಅಜ್ಜಿ ಎದುರಿಗಿಲ್ಲದಾಗ ಬರೆದವು.

ಪರೀಕ್ಷೆ ಮುಗಿದ ದಿನ ಔಷಧಿ ಕಂಪನಿಯವರು ಬೊಂಬಾಯಿಯಿಂದ ಬಂದರು. ಟೈ ಕಟ್ಟಿದ್ದ ಒಬ್ಬರು. ಮೇಜಿನ ಸುತ್ತ ನಾವೆಲ್ಲ ಕೂತೆವು, ಬೋಂಡ ಕಾಫಿ ಬಂತು. ನಾನು ಓದಿದೆ: 'ಎ' ತೆಗೆದುಕೊಂಡವರಿಗೆ 'ಬಿ' ತೆಗೆದುಕೊಂಡವರಿಗಿಂತ ನೋವು ಬಹಳ ಕಡಿಮೆಯಾಗಿದೆ. ದೊಡ್ಡ ಡಾಕ್ಟರು ತಲೆ ಆಡಿಸಿ ನನ್ನ ಕಡೆ ನೋಡಿದರು, ಹೇಳಲಿಲ್ಲವೇ ಎನ್ನುವ ಹಾಗೆ. ಟೈ ಕಟ್ಟಿದವರು ಮಾತ್ರ ಕೈಯಲ್ಲಿದ್ದ ಬೋಂಡವನ್ನು ತಟ್ಟೆಗೆ ವಾಪಸು ಇಟ್ಟರು.

"'ಎ' ಹಿಟ್ಟು," ಎಂದರು.

ದೊಡ್ಡ ಡಾಕ್ಟರು ಕರುಣೆಯಿಂದ ಹುಡುಕಿ ಹುಡುಕಿ ಬಡ ಮುದುಕಿಯರಿಗೆಲ್ಲ ಹಿಟ್ಟನ್ನೇ ಕೊಟ್ಟಿದ್ದರು. ಅವರ ಕೈಯಿಂದ ಅಷ್ಟು ಪ್ರೀತಿಯಲ್ಲಿ ಕೊಟ್ಟದ್ದನ್ನು ತಿಂದು, "ಗುಣ ಆಯ್ತಾ ಅಜ್ಜಿ?" ಎಂದು ಅವರೇ ಕೇಳಿದಾಗ, ಇಲ್ಲ ಎನ್ನಲು ಯಾವ ಅಜ್ಜಿಗೆ ಮನಸ್ಸು ಬಂದೀತು? ಕೆಲವರಿಗೆ ನಿಜಕ್ಕೂ ಗುಣವೇ ಆಗಿತ್ತೋ ಏನೋ. ನಿಜವಾದ ಔಷಧಿ ನುಂಗಿದ ಆಫೀಸರುಗಳು ಮಾತ್ರ, ಸರ್ಕಾರಿ ಮಾತ್ರೆ ಎಂದ ಮೇಲೆ ಏನು ಕೆಲಸ ಮಾಡೀತು ಎಂಬ ಮುಖದಲ್ಲಿ, ನೋವು ಹಾಗೇ ಇದೆ ಎಂದಿದ್ದರು.

ಕೊನೆಗೆ ದೊಡ್ಡ ಡಾಕ್ಟರು ಗಂಟಲು ಸರಿಮಾಡಿಕೊಂಡು, "ಲೆಕ್ಕದಲ್ಲಿ ಏನೋ ಎಡವಟ್ಟಾಗಿರಬೇಕು," ಎಂದರು. ಎಲ್ಲರೂ ನನ್ನ ಕಡೆ ತಿರುಗಿದರು.

ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ಕೆಟ್ಟ ಮಾತೂ ಆಡಲಿಲ್ಲ. ಸ್ವಲ್ಪ ದಿನ ಬಿಟ್ಟು, ಹುಚ್ಚುನಾಯಿ ರೋಗ ತಡೆಯುವ ಇನ್ನೊಂದು ಕಚೇರಿಗೆ ಎರವಲು ಕಳಿಸಿದರು. ಬೀದಿನಾಯಿಗಳಿಗೆ ಲಸಿಕೆ ಹಾಕುವ ಯೋಜನೆ. ಎಷ್ಟು ಲಸಿಕೆ ತರಿಸಬೇಕೆಂದು ತಿಳಿಯಲು ಮೊದಲು ರಾಜಾಜಿನಗರದಲ್ಲಿ ಎಷ್ಟು ನಾಯಿಗಳಿವೆ ಎಂದು ತಿಳಿಯಬೇಕಿತ್ತು. "ನಿನಗೆ ಅನುಕೂಲ ಆಯ್ತು. ಮನೆ ಹತ್ರಾನೇ ಕೆಲಸ," ಎಂದು ದೊಡ್ಡ ಡಾಕ್ಟರು ನಿಜವಾದ ಸಂತೋಷದಿಂದಲೇ ಹೇಳಿದರು.

ಮನೆಯಲ್ಲಿ ಅಮ್ಮ ಮಾತ್ರ ಸೆರಗಿನಿಂದ ಮುಖ ಒರೆಸಿಕೊಂಡರು. "ಮದುವೆ ಆಗಬೇಕಾದ ಹುಡುಗಿ ಬೀದಿ ಬೀದಿಲಿ ನಾಯಿ ಎಣಿಸ್ಕೊಂಡು ತಿರುಗಿದ್ರೆ ಯಾರು ಬರ್ತಾರೇ ಕೇಳ್ಕೊಂಡು?"

"ಎಣಿಸೋದಲ್ಲಮ್ಮ, ಅಂದಾಜು ಮಾಡೋದು," ಎಂದೆ. ಅದರಿಂದ ಅಮ್ಮನಿಗೆ ಸಮಾಧಾನವಾಗಲಿಲ್ಲ.

ಅಡುಗೆಮನೆಯ ಅವರೆಕಾಳಿನ ಡಬ್ಬ ತಂದು ಇಬ್ಬರಿಗೂ ವಿವರಿಸಿದೆ. "ಇದರಲ್ಲಿ ಎಷ್ಟು ಕಾಳಿದೆ ಅಂತ ಗೊತ್ತಿಲ್ಲ. ಒಂದು ಹಿಡಿ ತೆಗೆದು ಮಸಿ ಹಚ್ಚಿ ವಾಪಸ್ ಹಾಕಿ ಚೆನ್ನಾಗಿ ಕಲಸ್ತೀನಿ. ಮತ್ತೆ ಕಣ್ಮುಚ್ಚಿ ಒಂದು ಹಿಡಿ ತೆಗೀತೀನಿ. ಅದರಲ್ಲಿ ಮಸಿ ಕಾಳು ಅಪರೂಪಕ್ಕೆ ಒಂದು ಬಂತು ಅಂದ್ರೆ ಡಬ್ಬದ ತುಂಬ ಕಾಳಿದೆ. ಬರೀ ಮಸಿ ಕಾಳೇ ಬಂತು ಅಂದ್ರೆ, ಡಬ್ಬದಲ್ಲಿ ನಾನು ಹಚ್ಚಿದ್ದು ಬಿಟ್ರೆ ಹೆಚ್ಚೇನೂ ಇಲ್ಲ. ನಾಯಿಗೂ ಹಾಗೇ. ಮೊದಲು ಒಂದಷ್ಟಕ್ಕೆ ಗುರುತು ಹಾಕೋದು. ಆಮೇಲೆ ಸುತ್ತಿ, ಕಂಡ ನಾಯಿಗಳಲ್ಲಿ ಗುರುತಿರೋವು ಎಷ್ಟು ಅಂತ ನೋಡೋದು."

"ಡಬ್ಬ ಸುರಿದು ಎಣಿಸಿಬಿಟ್ರೆ ಆಗಲ್ವಾ?" ಎಂದರು ಅಮ್ಮ.

"ರಾಜಾಜಿನಗರ ಸುರಿಯೋಕಾಗಲ್ವಲ್ಲೇ," ಎಂದರು ಅಪ್ಪ. ಅವರ ಕಣ್ಣು ಹೊಳೆಯುತ್ತಿತ್ತು. ನಿವೃತ್ತಿಯಾದ ಮೇಲೆ ಮೊದಲ ಬಾರಿಗೆ ಅವರಿಗೆ ಒಂದು ಕೆಲಸ ಕಂಡಿತ್ತು.

ಕಚೇರಿಯವರು ಸಹಾಯಕ್ಕೆಂದು ಒಬ್ಬ ಆಳನ್ನು ಕೊಟ್ಟಿದ್ದರು. ಮೊದಲ ದಿನ ಮೊದಲ ಬೀದಿಯಲ್ಲೇ ಒಂದು ಕಂದು ನಾಯಿ ಗುರ್ ಎಂದಾಗ ಅವನು ಕಾಂಪೌಂಡಿನ ಮೇಲೆ ಹತ್ತಿ ಕೂತು, "ನಾನು ಸೊಳ್ಳೆ ಸೆಕ್ಷನ್ನು ಮೇಡಂ, ನಂಗೆ ನಾಯಿ ಅಭ್ಯಾಸ ಇಲ್ಲ," ಎಂದ. ಮರುದಿನದಿಂದ ಬರಲೇ ಇಲ್ಲ. ಹಾಗಾಗಿ ಅಪ್ಪ ಬಂದರು. ಕೈಯಲ್ಲಿ ಕೊಡೆ, ತಲೆಗೆ ಮಫ್ಲರು, ಹೆಗಲಿಗೆ ಬಟ್ಟೆ ಚೀಲ. ಬೆಳಗಾಗುತ್ತಿದ್ದಂತೆ ನಾವು ಹೊರಡುತ್ತಿದ್ದೆವು. ಗಾಯಕ್ಕೆ ಹಚ್ಚುವ ನೇರಳೆ ಔಷಧಿಯನ್ನು ನೀರಿಗೆ ಬೆರೆಸಿ, ಹೋಳಿಹಬ್ಬದ ಪಿಚಕಾರಿಯಲ್ಲಿ ತುಂಬಿ ನಾಯಿಯ ಬೆನ್ನಿಗೆ ಎರಚುವುದು ನಮ್ಮ ವಿಧಾನ. ಪಿಚಕಾರಿ ಅಪ್ಪನ ಕೈಯಲ್ಲಿ. ಅವರಿಗೆ ಗುರಿ ಚೆನ್ನಾಗಿತ್ತು. ಸ್ಟೋರ್ಸಿನಲ್ಲಿ ಅಷ್ಟು ವರ್ಷ ಕೂತಿದ್ದ ಮನುಷ್ಯನಲ್ಲಿ ಇಂಥದೊಂದು ವಿದ್ಯೆ ಇದೆಯೆಂದು ಅಮ್ಮನಿಗೂ ಗೊತ್ತಿರಲಿಲ್ಲ.

ಅದು ಎಮರ್ಜೆನ್ಸಿಯ ಕಾಲ, ಗಂಡಸರನ್ನು ಹಿಡಿದು ಸಂತಾನಹರಣ ಆಪರೇಷನ್ ಮಾಡಿಸುತ್ತಿದ್ದ ದಿನಗಳು. ಬೀದಿಯಲ್ಲಿ ಯಾರಾದರೂ ಪುಸ್ತಕ ಪೆನ್ಸಿಲು ಹಿಡಿದು ನಿಂತರೆ ಜನ ಹೆದರುತ್ತಿದ್ದರು. ನಮ್ಮನ್ನು ಕಂಡು ಒಂದು ಬೀದಿಯ ಗಂಡಸರೆಲ್ಲ ಒಳಗೆ ಹೋಗಿ ಚಿಲಕ ಹಾಕಿಕೊಂಡರು. "ಆಪರೇಷನ್‌ನೋರು ಬಂದ್ರು" ಎಂದು ಯಾರೋ ಕೂಗಿದ್ದರಂತೆ. ನಾಯಿಗಳಿಗೆ ಬಣ್ಣ ಎರಚುವವರು ಎಂದು ತಿಳಿದ ಮೇಲೆ ಬಾಗಿಲು ತೆಗೆದರು. ಸರ್ಕಾರಕ್ಕೆ ಬೇರೆ ಕೆಲಸವಿಲ್ಲ ಎಂದು ಗೊಣಗಿದರು. ಗೊಣಗಲು ಆ ಕಾಲದಲ್ಲಿ ಇಷ್ಟು ಸುರಕ್ಷಿತವಾದ ವಿಷಯ ಬೇರೆ ಇರಲಿಲ್ಲ.

ಹತ್ತಿರ ಬಾರದ ನಾಯಿಯನ್ನು ಕರೆಯಲು ಅಪ್ಪ ಒಂದು ಬಿಸ್ಕತ್ತು ಎಸೆಯುತ್ತಿದ್ದರು. ನಾಯಿ ಬಗ್ಗಿ ಮೂಸುವಾಗ ಪಿಚಕಾರಿ. ಅದಕ್ಕೆ ನಾನೇನೂ ಅನ್ನಲಿಲ್ಲ. ನೇರಳೆ ಬೆನ್ನಿನ ನಾಯಿಗಳು ಬೀದಿಬೀದಿಯಲ್ಲಿ ಕಾಣತೊಡಗಿದವು. ಮೂಲೆ ಅಂಗಡಿಯವರು ಅವನ್ನು ಸರ್ಕಾರಿ ನಾಯಿಗಳು ಎಂದು ಕರೆದರು. ಗುರುತು ಹಾಕಿ ಮುಗಿದ ಮೇಲೆ, ಅವು ಉಳಿದ ನಾಯಿಗಳ ಜೊತೆ ಬೆರೆಯಲಿ ಎಂದು ಸ್ವಲ್ಪ ಕಾಲ ಬಿಡುವು ಕೊಡುವುದು ನಿಯಮ. ಕಾಳು ಕಲಸುವ ಹಾಗೆ. ಆ ಬಿಡುವಿನಲ್ಲಿ ಅಪ್ಪ ಪ್ರತಿ ಸಂಜೆ ಬಟ್ಟೆ ಚೀಲ ಹಿಡಿದು ವಾಕಿಂಗ್ ಹೋಗುತ್ತಿದ್ದರು. ಆರೋಗ್ಯ ನೋಡಿಕೊಳ್ಳುತ್ತಿದ್ದಾರೆ ಎಂದು ಅಮ್ಮ ಮತ್ತು ನಾನು ಸಂತೋಷಪಟ್ಟೆವು.

ಅದೇ ದಿನಗಳಲ್ಲಿ ನನ್ನನ್ನು ನೋಡಲು ಒಂದು ಗಂಡಿನ ಕಡೆಯವರು ಬಂದರು. ಮಲ್ಲೇಶ್ವರದವರು. ಆಟೋದಿಂದ ಇಳಿಯುತ್ತಿದ್ದಂತೆ ನಮ್ಮ ಗೇಟಿನ ಮುಂದೆ ನೇರಳೆ ನಾಯಿಗಳ ಒಂದು ಸಾಲೇ ಕೂತಿತ್ತು. ಅವು ಯಾಕೆ ಅಲ್ಲಿ ಕೂತಿವೆ ಎಂದು ನನಗೂ ಅರ್ಥವಾಗಲಿಲ್ಲ. ಗಂಡಿನ ತಾಯಿ ಉಪ್ಪಿಟ್ಟು ತಿನ್ನುತ್ತಾ, "ನಿಮ್ಮ ಕಡೆ ನಾಯಿಗಳು ಯಾಕ್ರೀ ಆ ಬಣ್ಣ?" ಎಂದು ಕೇಳಿದರು. ಅಮ್ಮ ನೆಲ ನೋಡಿದರು. ಅಪ್ಪ ಮಾತ್ರ ಹೆಮ್ಮೆಯಿಂದ, "ಅದೇ ನಮ್ಮ ಹುಡುಗಿ ಕೆಲಸ," ಎಂದು ಪಿಚಕಾರಿ ತಂದು ತೋರಿಸಿದರು. ಬಂದವರು ಹೋಗಿ ತಿಳಿಸುತ್ತೇವೆಂದು ಹೇಳಿ ಹೋದರು. ತಿಳಿಸಲಿಲ್ಲ. "ನಾಯಿಗೆ ಹೆದರೋ ಮನೆ ನಮಗ್ಯಾಕೆ ಬಿಡು," ಎಂದರು ಅಪ್ಪ. ಆ ಹುಡುಗ ಕಾಫಿ ಹೀರುವಾಗ ಮಾಡುತ್ತಿದ್ದ ಸದ್ದು ಕೇಳಿದ್ದ ನನಗೂ ಅಂಥ ದುಃಖವಾಗಲಿಲ್ಲ.

ಎರಡನೇ ಸುತ್ತಿನ ಎಣಿಕೆಯ ದಿನ ಬಂತು. ಅಪ್ಪ ಎಂದಿನಂತೆ ಜೊತೆಗೆ ಹೊರಟರು. ಗೇಟು ತೆರೆಯುತ್ತಿದ್ದಂತೆ ನಾಲ್ಕೈದು ನೇರಳೆ ನಾಯಿಗಳು ಬಾಲ ಆಡಿಸುತ್ತಾ ಎದ್ದು ಬಂದವು. ಮುಂದಿನ ತಿರುವಿನಲ್ಲಿ ಇನ್ನಷ್ಟು ಸೇರಿಕೊಂಡವು. ನಾವು ಬೀದಿಯಲ್ಲಿ ನಡೆದಂತೆ ಹಿಂದೆ ಒಂದು ಮೆರವಣಿಗೆಯೇ ಬರುತ್ತಿತ್ತು. ಗುರುತಿಲ್ಲದ ನಾಯಿ ಒಂದು ಚರಂಡಿಯಿಂದ ಮೂತಿ ಹೊರಹಾಕಿದರೆ ಸಾಕು, ನಮ್ಮ ನೇರಳೆ ಸೈನ್ಯ ಬೊಗಳಿ ಅದನ್ನು ಇಂಡಸ್ಟ್ರಿಯಲ್ ಎಸ್ಟೇಟಿನ ಗೋಡೆಯವರೆಗೂ ಅಟ್ಟಿಕೊಂಡು ಹೋಗಿ ಬರುತ್ತಿತ್ತು. ತಿಂದು ಮೈ ತುಂಬಿಕೊಂಡಿದ್ದ ಅವುಗಳ ಮುಂದೆ ಉಳಿದ ನಾಯಿಗಳು ನಿಲ್ಲುವ ಹಾಗಿರಲಿಲ್ಲ. ನಾನು ಬರೆದುಕೊಳ್ಳಬೇಕಾದ ಪುಟದಲ್ಲಿ ನೇರಳೆ, ನೇರಳೆ, ನೇರಳೆ ಎಂದೇ ತುಂಬುತ್ತಿತ್ತು.

ಶಾಲೆಯ ಕಾಂಪೌಂಡಿನ ಹತ್ತಿರ ನಾನು ನಿಂತೆ. "ಅಪ್ಪಾ, ಇವಕ್ಕೆ ನೀವು ಊಟ ಹಾಕ್ತಾ ಇದೀರಾ?"

"ಊಟ ಅಲ್ಲಮ್ಮ. ಬರೀ ಬಿಸ್ಕತ್ತು." ಸ್ವಲ್ಪ ತಡೆದು, "ಒಂದೊಂದು ದಿನ ಮುದ್ದೆ," ಎಂದರು.

"ಎಲ್ಲಾ ನಾಯಿಗೂನಾ?"

"ಎಲ್ಲಕ್ಕೂ ಎಲ್ಲಿ ಆಗತ್ತೆ? ನಮ್ಮವಕ್ಕೆ ಮಾತ್ರ."

"ಅಪ್ಪಾ, ಗುರುತು ಹಾಕಿದ್ದಕ್ಕೂ ಹಾಕ್ದೇ ಇರೋದಕ್ಕೂ ಒಂದೇ ಥರ ಜೀವನ ಇರಬೇಕು. ಇಲ್ಲದಿದ್ರೆ ಲೆಕ್ಕ ಪೂರ್ತಿ ಕೆಡತ್ತೆ. ಗುರುತು ಹಾಕಿದ್ದೇ ನಾಯಿಗೆ ಗೊತ್ತಾಗಬಾರದು."

ಅಪ್ಪ ಕೊಡೆಯನ್ನು ಊರಿ ನಿಂತು ಯೋಚಿಸಿದರು. ಅವರ ಮುಖದಲ್ಲಿ ತಪ್ಪಿತಸ್ಥನ ಭಾವವೇ ಇರಲಿಲ್ಲ. "ಅಲ್ಲಮ್ಮ, ಬೆಳಗ್ಗೆ ಬೆಳಗ್ಗೆ ಅವುಗಳ ಪಾಡಿಗೆ ಮಲಗಿದ್ವು. ನಾವು ಹೋಗಿ ತಣ್ಣೀರು ಎರಚಿದ್ವಿ, ಬಣ್ಣ ಹಚ್ಚಿದ್ವಿ. ಅಷ್ಟು ಮಾಡಿದ್ಮೇಲೆ ಏನಾದ್ರೂ ಕೊಡಬೇಡ್ವಾ? ಸುಮ್ನೆ ಬಿಟ್ಟುಬಿಡೋದಕ್ಕೆ ಆಗತ್ತಾ?"

ನನಗೆ ಕಿಟಕಿಯ ಬಳಿ ನಿಂತ ದೊಡ್ಡ ಡಾಕ್ಟರು ನೆನಪಾದರು. ಕೋಪ ಬಂತು. ಜೊತೆಗೆ ನಗುವೂ ಬಂತು, ಅದನ್ನು ತಡೆದುಕೊಂಡೆ. ಓದಿದ ಪುಸ್ತಕಗಳಲ್ಲಿ ಲೆಕ್ಕ ಕೆಡುವ ಕಾರಣಗಳನ್ನು ಸೋಮಾರಿತನ, ಮೋಸ, ಮರೆವು ಎಂದೆಲ್ಲ ಬರೆದಿದ್ದರು. ನನ್ನ ಅನುಭವದಲ್ಲಿ ಎರಡೂ ಸಲ ಕೆಡಿಸಿದವರು ಒಳ್ಳೆಯ ಮನುಷ್ಯರೇ.

"ಮುಂದಿನ ಬೀದಿಗೆ ನೀವು ಬರಬೇಡಿ ಅಪ್ಪಾ. ಮನೆಗೆ ಹೋಗಿ," ಎಂದೆ.

ಅಪ್ಪನಿಗೆ ಬೇಸರವಾಯಿತು. ಆದರೂ ಹೊರಟರು. ನಾಯಿಗಳೂ ಅವರ ಹಿಂದೆ ಹೊರಟವು. ನಾನು ಒಬ್ಬಳೇ ಮುಂದಿನ ಬೀದಿಗಳನ್ನು ಸುತ್ತಿದೆ. ಅಲ್ಲಿ ಗುರುತಿಲ್ಲದ ಕೆಲವು ನಾಯಿಗಳು ನನ್ನನ್ನು ಕಂಡಕೂಡಲೇ ಮಾಯವಾದವು. ಬಣ್ಣದವರ ಕಡೆಯವಳು ಎಂದು ಅವಕ್ಕೂ ತಿಳಿದುಹೋಗಿತ್ತು.

ಲೆಕ್ಕ ಹಾಕಿದಾಗ ನನ್ನ ಭಯದಂತೆಯೇ ಬಂತು. ಡಬ್ಬದಲ್ಲಿ ಬರೀ ಮಸಿ ಕಾಳು. ರಾಜಾಜಿನಗರದಲ್ಲಿ ನಾವು ಬಣ್ಣ ಎರಚಿದ ನಾಯಿಗಳನ್ನು ಬಿಟ್ಟರೆ ಹೆಚ್ಚೇನೂ ಇಲ್ಲ ಎಂದು ಉತ್ತರ. ಆ ಕಚೇರಿಯ ಅಧಿಕಾರಿ, ಸದಾ ಎಲೆ ಅಡಿಕೆ ಹಾಕಿಕೊಂಡಿರುತ್ತಿದ್ದ ಉಲ್ಲಾಸದ ಮನುಷ್ಯ, ಅದನ್ನು ನೋಡಿ ಮೇಜು ಕುಟ್ಟಿದರು.

"ಇಷ್ಟೇನಾ ನಾಯಿ! ಭೇಷ್! ಸುಮ್ನೆ ಜನ ನಾಯಿ ನಾಯಿ ಅಂತ ಬಡ್ಕೊಳ್ತಾರೆ."

"ಸಾರ್, ಈ ಸಂಖ್ಯೆ ನಂಬೋ ಹಾಗಿಲ್ಲ. ಗುರುತಿರೋ ನಾಯಿಗಳು ಬೇಕಂತಲೇ ನಮ್ಮ ಕಣ್ಣಿಗೆ ಬಿದ್ವು. ಮಿಕ್ಕವು ಓಡಿಹೋದ್ವು."

"ಬೇಕಂತಲೇ ಅಂದ್ರೆ?"

"ನಮ್ಮ ತಂದೆ ಅವಕ್ಕೆ ಮುದ್ದೆ ಹಾಕ್ತಾ ಇದ್ರು."

ಅಧಿಕಾರಿ ಎದ್ದು ಕಿಟಕಿಯಿಂದ ಉಗುಳಿ ಬಂದು ಕೂತರು. "ನೋಡಮ್ಮ, ನಿಮ್ಮ ತಂದೆಯವರನ್ನ ರಿಪೋರ್ಟಿಗೆ ಹಾಕೋಕಾಗಲ್ಲ. ಸಂಖ್ಯೆ ಹಾಕೋಣ."

ಮತ್ತೊಮ್ಮೆ ಎಣಿಸುತ್ತೇನೆ, ಬೇರೆ ಗುರುತು ಹಾಕಿ, ಒಬ್ಬಳೇ ಹೋಗಿ ಎಂದು ಕೇಳಿಕೊಂಡೆ. ಸಮಯವಿಲ್ಲ ಎಂದರು. ಸಂಖ್ಯೆಯ ಕೆಳಗೆ ಎಚ್ಚರಿಕೆಯ ಎರಡು ಸಾಲು ಬರೆದೆ. ಟೈಪಾಗಿ ಬರುವಷ್ಟರಲ್ಲಿ ಅದು 'ಸ್ಥಳೀಯ ಕಾರಣಗಳಿಗೆ ಒಳಪಟ್ಟು' ಎಂಬ ಮೂರು ಪದವಾಗಿತ್ತು. ಸ್ಟೋರ್ಸಿನಿಂದ ನಿವೃತ್ತರಾದ ನಮ್ಮ ತಂದೆ ಸ್ಥಳೀಯ ಕಾರಣಗಳಾಗಿದ್ದರು. ಮನೆಯಲ್ಲಿ ಅದನ್ನು ಓದಿ ಹೇಳಿದಾಗ ಅಪ್ಪನಿಗೆ ಸ್ವಲ್ಪ ಹೆಮ್ಮೆಯೇ ಆಯಿತು.

ಆ ಸಂಖ್ಯೆಯ ಪ್ರಕಾರ ಲಸಿಕೆ ಬಂತು. ಲಸಿಕೆಯ ಜೀಪು ಬಂದ ದಿನ ನಮ್ಮ ನಾಯಿಗಳು ತಾವಾಗಿಯೇ ಮುಂದೆ ಬಂದು ನಿಂತವು. ಮನುಷ್ಯರನ್ನು ಕಂಡರೆ ಮುದ್ದೆ ಎಂದು ಅವು ಕಲಿತಿದ್ದವು. ಬೇರೆ ನಾಯಿಗಳ ಸರದಿ ಬರುವ ಹೊತ್ತಿಗೆ ಲಸಿಕೆ ಮುಗಿದಿತ್ತು. ಜೀಪಿನವರು ಇನ್ನೂ ಅರ್ಧ ಬಡಾವಣೆ ಸಹ ಮುಟ್ಟಿರಲಿಲ್ಲ. ಕತ್ತಲಾಗುವ ಮೊದಲೇ ಅಧಿಕಾರಿ ನನ್ನನ್ನು ಕರೆಸಿದರು.

"ಇಷ್ಟೇ ನಾಯಿ ಅಂತ ನೀವೇ ಬರ್ಕೊಟ್ಟಿದೀರಿ. ಮಿಕ್ಕವೆಲ್ಲ ಎಲ್ಲಿಂದ ಬಂದ್ವು?"

"ಅವು ಮೊದಲಿಂದಾನೂ ಇಲ್ಲೇ ಇದ್ವು ಸಾರ್. ಅವತ್ತೇ ಹೇಳಿದ್ನಲ್ಲ, ಮುದ್ದೆ..."

"ಮುದ್ದೆ ವಿಷಯ ಬಿಡಿ." ಅವರು ಗೋಡೆಯ ಭೂಪಟದ ಮುಂದೆ ನಿಂತು ಬೆರಳಾಡಿಸಿದರು. ಬಸವೇಶ್ವರನಗರ ಆಗಿನ್ನೂ ಅರ್ಧ ಹೊಲ, ಅರ್ಧ ಸುಣ್ಣದ ಗೆರೆ. ಬೆರಳು ಅಲ್ಲಿಂದ ಕಾಮಾಕ್ಷಿಪಾಳ್ಯಕ್ಕೆ, ಮಾಗಡಿ ರಸ್ತೆಗೆ ಬಂತು. ಮುಖ ಅರಳಿತು. "ವಲಸೆ! ಲೇಔಟ್ ಮಾಡ್ತಾ ಇದಾರಲ್ಲ, ಅಲ್ಲಿಂದ ನಾಯಿಗಳೆಲ್ಲ ಈ ಕಡೆ ವಲಸೆ ಬಂದಿವೆ. ನಿಮ್ಮ ಲೆಕ್ಕಾನೂ ಸರಿ, ನಮ್ಮ ಲಸಿಕೇನೂ ಸರಿ. ನಾಯಿ ತಪ್ಪು."

ಹೀಗೆ ನಾನು ನಾಯಿಗಳ ವಲಸೆ ಅಧ್ಯಯನಕ್ಕೆ ನೇಮಕವಾದೆ. ಈ ಸಲ ಅಪ್ಪನನ್ನು ಕರೆದುಕೊಂಡು ಹೋಗಲಿಲ್ಲ. ಹಳದಿ ಬಣ್ಣ ಹಚ್ಚಿ, ಹೊಸಹಳ್ಳಿಯಿಂದ ಕಾಮಾಕ್ಷಿಪಾಳ್ಯದವರೆಗೆ, ಆಮೇಲೆ ಬಸವೇಶ್ವರನಗರದ ಹೊಲಗಳ ಅಂಚಿನಲ್ಲಿ ತಿಂಗಳುಗಟ್ಟಲೆ ಸುತ್ತಿದೆ. ಒಬ್ಬಳೇ ಸುತ್ತಿದ್ದರಿಂದ ಲೆಕ್ಕ ಸ್ವಚ್ಛವಾಗಿತ್ತು, ಬೇಜಾರೂ ಆಗುತ್ತಿತ್ತು. ಒಂದು ನಾಯಿಯೂ ವಲಸೆ ಹೋಗುವುದಿರಲಿ, ಮಾಗಡಿ ರಸ್ತೆಯನ್ನೇ ದಾಟಲಿಲ್ಲ. ತನ್ನ ಬೀದಿ, ತನ್ನ ತಿಪ್ಪೆ, ತನ್ನ ಹೋಟೆಲಿನ ಹಿಂಬಾಗಿಲು ಬಿಟ್ಟು ನಾಯಿ ಎಲ್ಲಿಗೂ ಹೋಗದು. ನನಗೆ ಅದು ನಿಜಕ್ಕೂ ಆಶ್ಚರ್ಯವೆನಿಸಿತು. ಮೊದಲ ಬಾರಿಗೆ ಸಂಖ್ಯೆಯನ್ನು ಬಿಟ್ಟು ಪ್ರಾಣಿಯನ್ನು ನೋಡುತ್ತಾ ನಿಂತೆ. ಯಾವುದು ಎಲ್ಲಿ ಮಲಗುತ್ತದೆ, ಯಾವುದಕ್ಕೆ ಯಾವುದು ಹೆದರುತ್ತದೆ, ಮರಿ ಹಾಕಿದ ಹೆಣ್ಣು ಎಷ್ಟು ದೂರ ಹೋಗುತ್ತದೆ ಎಂದು ಗಮನಿಸುವುದರಲ್ಲಿ ಊಟದ ಹೊತ್ತು ಮರೆಯುತ್ತಿದ್ದೆ.

ವರದಿಯಲ್ಲಿ ಸ್ಪಷ್ಟವಾಗಿ ಬರೆದೆ: ವಲಸೆ ಇಲ್ಲ.

ಅಧಿಕಾರಿ ಓದಿ ತೃಪ್ತಿಯಿಂದ ತಲೆಯಾಡಿಸಿದರು. "ಇಲ್ಲ ಅಂದ್ರೆ, ಬರೋವೆಲ್ಲ ಬಂದಾಗಿದೆ, ಈಗ ನಿಂತಿದೆ ಅಂತ ತಾನೇ?"

ಮುಂದಿನ ಸಲ ಲಸಿಕೆಯನ್ನು ಸಾಕಷ್ಟು ತರಿಸಿದರು. ವಲಸೆ ಬಂದ ನಾಯಿಗಳಿಗೆ ಎಂಬ ಲೆಕ್ಕದಲ್ಲಿ ಎಲ್ಲ ನಾಯಿಗಳಿಗೂ ಚುಚ್ಚಿಯಾಯಿತು. ತಪ್ಪು ಕಾರಣಕ್ಕೆ ಸರಿಯಾದ ಕೆಲಸವಾದದ್ದನ್ನು ತಡೆಯಲು ನಾನು ಯಾರು?

ಅಪ್ಪ ಸಂಜೆಯ ವಾಕಿಂಗ್ ಬಿಡಲಿಲ್ಲ. ಮಳೆಗಾಲ ಬಂದು ನೇರಳೆ ಬಣ್ಣ ತೊಳೆದುಹೋದ ಮೇಲೆ ಅವರಿಗೆ ಯಾವುದು ತಮ್ಮದು, ಯಾವುದು ಅಲ್ಲ ಎಂದು ಗೊತ್ತಾಗುತ್ತಿರಲಿಲ್ಲ. ಹಾಗಾಗಿ ಕಂಡದ್ದಕ್ಕೆಲ್ಲ ಹಾಕತೊಡಗಿದರು. ಲೆಕ್ಕದ ದೃಷ್ಟಿಯಿಂದ ಆಗ ಸರಿಹೋಯಿತು, ಆದರೆ ಆಗ ಲೆಕ್ಕ ಕೇಳುವವರು ಇರಲಿಲ್ಲ. ಅಮ್ಮ ರಾಗಿ ಬೇಗ ಬೇಗ ಖಾಲಿಯಾಗುತ್ತಿದೆ ಎಂದು ಗದರುತ್ತಿದ್ದರು, ಮುದ್ದೆಯನ್ನು ಮಾತ್ರ ಒಂದೆರಡು ಹೆಚ್ಚೇ ಕಟ್ಟುತ್ತಿದ್ದರು.

ವರ್ಷದ ಕೊನೆಗೆ ಒಂದು ಕಾಗದ ಬಂತು. ಚಳಿಗಾಲದಲ್ಲಿ ಕೆರೆಗಳಿಗೆ ಬಂದಿಳಿಯುವ ಹಕ್ಕಿಗಳನ್ನು ಎಣಿಸುವ ಒಂದು ಯೋಜನೆ. ಅವರಿಗೆ ಲೆಕ್ಕ ಬಲ್ಲವರು, ಅದರಲ್ಲೂ ವಲಸೆಯ ವಿಷಯದಲ್ಲಿ ಅನುಭವವಿರುವವರು ಬೇಕಾ­ಗಿತ್ತಂತೆ. ಅಧಿಕಾರಿ ನನ್ನ ಹೆಸರು ಕಳಿಸಿದ್ದರು. ಊರಿನಲ್ಲೇ ವಲಸೆಯ ಬಗ್ಗೆ ವರದಿ ಬರೆದವಳು ನಾನೊಬ್ಬಳೇ ಎಂದು ಬೇರೆ ಹೊಗಳಿದ್ದರು. ವರದಿಯಲ್ಲಿ ವಲಸೆ ಇಲ್ಲ ಎಂದಿರುವುದನ್ನು ಅವರು ಓದಿ ಮರೆತಿದ್ದರು, ಹೊಸಬರು ಓದಿಯೇ ಇರಲಿಲ್ಲ. ದೊಡ್ಡ ಡಾಕ್ಟರು ವಾಪಸು ಕರೆಯುತ್ತಾರೇನೋ ಎಂದು ಒಂದು ವಾರ ಕಾದೆ. ಕರೆಯಲಿಲ್ಲ. ಒಪ್ಪಿಕೊಂಡೆ.

ಮೊದಲ ದಿನ ಬಸ್ಸು ಹಿಡಿದು ಕೆಂಗೇರಿಗೆ ಹೋದೆ. ಕೆರೆ ಏರಿಯ ಮೇಲೆ ಯೋಜನೆಯ ಮುಖ್ಯಸ್ಥರು ಕಾದಿದ್ದರು. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸಿ ನಿವೃತ್ತರಾದವರು, ಮಂಕಿಕ್ಯಾಪು, ಕೊರಳಲ್ಲಿ ದುರ್ಬೀನು. ನನ್ನ ನಮಸ್ಕಾರಕ್ಕೆ ತಲೆಯಾಡಿಸಿ, "ವಲಸೆ ಮೇಲೆ ಕೆಲಸ ಮಾಡಿದೀರಂತೆ. ಯಾವ ಜಾತಿ?" ಎಂದು ಕೇಳಿದರು.

"ನಾಯಿ, ಸಾರ್."

ಅವರು ದುರ್ಬೀನು ಇಳಿಸಿ ನನ್ನನ್ನು ಸರಿಯಾಗಿ ನೋಡಿದರು. "ಹಕ್ಕಿ ಗೊತ್ತಾ?"

"ಕಾಗೆ, ಗುಬ್ಬಿ ಗೊತ್ತು. ಕೊಕ್ಕರೆ ನೋಡಿದ್ರೆ ಹೇಳ್ತೀನಿ."

ಬಯ್ಯುತ್ತಾರೆ ಎಂದುಕೊಂಡಿದ್ದೆ. ಅವರು, "ಪರವಾಗಿಲ್ಲ. ಹಕ್ಕಿ ಗೊತ್ತಿರೋರು ನನ್ನ ಹತ್ರ ಬೇಕಾದಷ್ಟು ಜನ ಇದಾರೆ. ಎಲ್ಲಾರೂ ತಮಗಿಷ್ಟವಾದ ಹಕ್ಕಿ ಎಣಿಸಿ ಬರ್ತಾರೆ," ಎಂದು ದುರ್ಬೀನನ್ನು ನನ್ನ ಕೊರಳಿಗೆ ಹಾಕಿದರು.

ನೀರಿನ ಮೇಲೆ ಮಂಜು ಇನ್ನೂ ಪೂರ್ತಿ ಕರಗಿರಲಿಲ್ಲ. ಅದರ ನಡುವೆ ಬಾತುಗಳು, ಹೆಸರು ತಿಳಿಯದ ನೂರಾರು, ತಲೆಯನ್ನು ರೆಕ್ಕೆಯೊಳಗೆ ಇಟ್ಟುಕೊಂಡು ತೇಲುತ್ತಿದ್ದವು. ಅವಕ್ಕೆ ನಾನು ಯಾರೆಂದು ತಿಳಿಯದು, ನನ್ನಿಂದ ಏನೂ ಬೇಕಾಗಿರಲಿಲ್ಲ. ಎಡದ ದಡದಿಂದ ಒಂದೊಂದಾಗಿ ಎಣಿಸತೊಡಗಿದೆ. ಅರ್ಧ ಕೆರೆ ಮುಗಿದಿತ್ತು. ಆಗ ಮೈಸೂರು ಕಡೆಯ ರೈಲು ಕೂಗಿತು. ಎಲ್ಲ ಹಕ್ಕಿಗಳೂ ಒಟ್ಟಿಗೇ ಎದ್ದವು, ಕೆರೆಯ ಮೇಲೆ ಎರಡು ಸುತ್ತು ಹಾಕಿ, ಎಲ್ಲೆಲ್ಲೋ ಕಲಸಿದ ಹಾಗೆ ಇಳಿದವು.

"ಏನು ಮಾಡ್ತೀರಿ ಈಗ?" ಎಂದರು ಮೇಷ್ಟ್ರು.

ಮತ್ತೆ ಎಡದ ದಡದಿಂದ ಶುರು ಮಾಡಿದೆ. ಅವರು ಏರಿಯ ಕಲ್ಲಿನ ಮೇಲೆ ಕೂತು ಚಿತ್ರಾನ್ನದ ಡಬ್ಬಿ ಬಿಚ್ಚಿದರು.